ಆಡೂ ಮುಟ್ಟದ ಸೊಪ್ಪು

ನಮ್ಮ ಮನೆ ಗೇಟಿನ ಎಡಗಡೆ ಎರಡು ಕಣಗಿಲೆ ಗಿಡಗಳಿವೆ. ಒಂದು ನಸುಗೆಂಪು, ಸುತ್ತು ಎಸಳಿನದು. ಇನ್ನೊಂದು ಬಿಳಿ, ಒಂಟಿ ಎಸಳಿನದು. ಎರಡನ್ನೂ ನೆಟ್ಟವರು ನಮ್ಮ ಅತ್ತೆ. ಹಿರಿಯೂರಿನ ತವರುಮನೆಯಿಂದ ಕಡ್ಡಿ ಕತ್ತರಿಸಿಕೊಂಡು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ. 1998ರಲ್ಲಿ ನಾನು ಸೊಸೆಯಾಗಿ ಚಿತ್ರದುರ್ಗಕ್ಕೆ ಬಂದಾಗ ಅವು ಆಗಲೇ ಕಾಂಪೌಂಡಿನಷ್ಟು ಎತ್ತರ ಇದ್ದವು. ಈಗ ಕತ್ತರಿಸದೆ ಬಿಟ್ಟರೆ 12 ಅಡಿ ದಾಟುತ್ತವೆ.

ಕಳೆದ ವರ್ಷ ಮಾರ್ಚ್‌ನಲ್ಲಿ ನಮ್ಮ ಮೇಲ್ಮನೆಗೆ ಬಾಡಿಗೆಗೆ ಬಂದ ಹುಡುಗಿ ಒಂದು ಮಧ್ಯಾಹ್ನ ಕೆಳಗಿಳಿದು ಬಂದಳು. ಸೊಂಟದ ಮೇಲೆ ಎರಡು ವರ್ಷದ ಮಗ. ಕೈಯಲ್ಲಿ ಮೊಬೈಲು.

"ಆಂಟಿ, ತಪ್ಪು ತಿಳ್ಕೋಬೇಡಿ. ಆ ಗಿಡ ತೆಗೆಸಿಬಿಡ್ತೀರಾ? ವಿಷ ಅಂತೆ. ಇವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ತಾನೆ."

ನನಗೆ ಒಳಗೊಳಗೇ ಸಿಟ್ಟು ಬಂತು. ಮನೆಗೆ ಬಂದು ಇನ್ನೂ ಹದಿನೈದು ದಿನ ಆಗಿಲ್ಲ, ಅಷ್ಟರಲ್ಲಿ ಗಿಡ ಕೀಳಿಸು ಅನ್ನುತ್ತಾಳಲ್ಲ ಅಂತ. ಆದರೆ ಮಗುವಿನ ಮುಖ ನೋಡಿ ಏನೂ ಹೇಳಲಾಗಲಿಲ್ಲ. "ನೋಡೋಣಮ್ಮ" ಅಂದು ಒಳಗೆ ಹೋದೆ. ಜಗಲಿ ಮೇಲೆ ಕೂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಅವರಿಗೆ 82 ವರ್ಷ. ಮಂಡಿ ಕೈಕೊಟ್ಟಿದೆ, ಕಿವಿ ಚುರುಕಾಗಿದೆ. "ವಿಷ ಅಂತ ನಂಗೊತ್ತಿಲ್ವೇನೇ? ಮೂರು ಮೊಮ್ಮಕ್ಕಳು ಇದರ ಪಕ್ಕದಲ್ಲೇ ಆಡ್ಕೊಂಡು ಬೆಳೆದ್ರು" ಅಂದರು.

ಆ ರಾತ್ರಿ ಕೂತು ಓದಿದೆ. ಹುಡುಗಿ ಹೇಳಿದ್ದು ನಿಜ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು, ಬೀಜ ಯಾವುದನ್ನೂ ಬಿಡುವ ಹಾಗಿಲ್ಲ, ಎಲ್ಲದರಲ್ಲೂ ವಿಷ ಇದೆ. ಓಲಿಯಾಂಡ್ರಿನ್ ಎಂಬ ಅಂಶ ನೇರವಾಗಿ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ಹೊಟ್ಟೆ ತೊಳೆಸುವುದು, ವಾಂತಿ, ಆಮೇಲೆ ನಾಡಿ ಏರುಪೇರು. ಒಂದು ಮಗುವಿನ ಮೈತೂಕಕ್ಕೆ ಸ್ವಲ್ಪವೇ ಹೋದರೂ ಅಪಾಯ. ಹಾಗೇನಾದರೂ ಬಾಯಿಗೆ ಹೋದರೆ ಮಜ್ಜಿಗೆ ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇದೆಲ್ಲ ಬೇಡ. ತಿಂದ ಎಲೆಯದೇ ಒಂದು ತುಂಡನ್ನು ಕವರಿನಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಓಡಬೇಕು. ಇಪ್ಪತ್ತೇಳು ವರ್ಷ ದಿನಾ ಬೆಳಿಗ್ಗೆ ಈ ಹೂವನ್ನು ಬಿಡಿಸಿ ದೇವರಿಗಿಟ್ಟವಳು ನಾನು. ಇದಿಷ್ಟನ್ನೂ ಕೂತು ಓದಿದ್ದು ಅವತ್ತೇ ಮೊದಲು.

ಹಳದಿ ಕಣಗಿಲೆ ಅಂತ ಇನ್ನೊಂದಿದೆಯಲ್ಲ, ಗಂಟೆಯಂಥ ಹೂವು, ಹಸಿರು ಕಾಯಿ. ಅದು ಬೇರೆಯೇ ಗಿಡ, ಅಮೆರಿಕ ಖಂಡದಿಂದ ಬಂದದ್ದು. ಆದರೆ ವಿಷದ ವಿಷಯದಲ್ಲಿ ಅದೂ ಕಡಿಮೆಯಿಲ್ಲ. ಅದರ ಗಟ್ಟಿ ಬೀಜ ಹಿಡಿದುಕೊಂಡು ನಾವು ಚಿಕ್ಕವರಿದ್ದಾಗ ಬಯಲಲ್ಲಿ ಆಡಿದ್ದೇವೆ. ಈಗ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಹಾಗಾದರೆ ಗಿಡ ಕೀಳಿಸಬೇಕಿತ್ತು, ಅಲ್ವಾ? ಎರಡು ದಿನ ಅದನ್ನೇ ಯೋಚಿಸಿದೆ. ಕೀಳಿಸುವುದು ಸುಲಭ. ಆದರೆ ಆ ಜಾಗದಲ್ಲಿ ಏನು ನೆಡುವುದು?

ಚಿತ್ರದುರ್ಗದಲ್ಲಿ ಹೂವಿನ ಗಿಡ ಬೆಳೆಸುವುದು ಎಂದರೆ ಏನು ಅಂತ ಇಲ್ಲಿ ಬೆಳೆಸಿದವರಿಗೇ ಗೊತ್ತು. ಇದು ಕಲ್ಲಿನ ಕೋಟೆಯ ಊರು. ನಮ್ಮ ಅಂಗಳದಲ್ಲಿ ಒಂದೂವರೆ ಅಡಿ ಅಗೆದರೆ ಗರಸು. ಇನ್ನೊಂದಡಿ ಹೋದರೆ ಹಾರೆ ಠಣ್ ಅನ್ನುತ್ತದೆ. ಏಪ್ರಿಲ್‌ನಲ್ಲಿ ಹೊತ್ತು ಮುಳುಗಿದ ಮೇಲೂ ಬಂಡೆಗಳು ಕಾವು ಬಿಡುತ್ತಲೇ ಇರುತ್ತವೆ. ಆಷಾಢದಲ್ಲಿ ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿ ಎಳೆ ಗಿಡವನ್ನು ಬುಡಸಮೇತ ಅಲ್ಲಾಡಿಸಿಬಿಡುತ್ತದೆ. ಮಳೆ ಬಂದರೆ ಬಂತು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅತ್ತೆ ಹುಟ್ಟಿ ಬೆಳೆದದ್ದು ಅದೇ ಸೀಮೆಯಲ್ಲಿ, ಅದು ಕೋಡಿ ಬಿದ್ದದ್ದನ್ನು ನೋಡಿದ್ದು 79ನೇ ವಯಸ್ಸಿನಲ್ಲಿ. ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ನೀರು ನೋಡಿ ಕೈಮುಗಿದು ಅತ್ತುಬಿಟ್ಟರು.

ಇಂಥ ಊರಿನಲ್ಲಿ ನಾನು ನರ್ಸರಿಯಿಂದ ತಂದ ಥೂಜಾ ಎರಡು ಬೇಸಿಗೆ ಕಂಡಿತು, ಮೂರನೆಯದಕ್ಕೆ ಕಂದಿತು. ಕ್ರೋಟನ್ ಬಣ್ಣ ಕಳೆದುಕೊಂಡಿತು. ಗುಲಾಬಿ ಪ್ರತಿವರ್ಷ ಹೊಸದು ತರಬೇಕು. ಕಣಗಿಲೆಗೆ ನಾವು ಬೇಸಿಗೆಯಲ್ಲಿ ಬಿಂದಿಗೆ ನೀರು ಹಾಕಿದ ನೆನಪೂ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಅದು ಹಸಿರೇ. ಬಿಸಿಲು ಏರಿದಷ್ಟೂ ಹೂವು ಜಾಸ್ತಿ.

ಹೀಗೇಕೆ ಅಂತ ನನಗೆ ತಿಳಿದದ್ದು ಮಗಳಿಂದ. ಅವಳು ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿಎಸ್ಸಿ ಓದಿದಳು. ಒಂದು ಸಲ ಊರಿಗೆ ಬಂದವಳು ಹೊರಡುವಾಗ ಹತ್ತಿಪ್ಪತ್ತು ಕಣಗಿಲೆ ಎಲೆ ಕಿತ್ತು ಕವರಿಗೆ ಹಾಕಿಕೊಂಡಳು. ಪ್ರಾಕ್ಟಿಕಲ್‌ಗೆ ಬೇಕಂತೆ. ಮುಂದಿನ ವಾರ ಬಂದು ರೆಕಾರ್ಡ್ ಪುಸ್ತಕದಲ್ಲಿ ತಾನು ಬರೆದ ಚಿತ್ರ ತೋರಿಸಿದಳು. ಎಲೆಯನ್ನು ಬ್ಲೇಡಿನಿಂದ ಸಿಪ್ಪೆಯಷ್ಟು ತೆಳುವಾಗಿ ಅಡ್ಡ ಸೀಳಿ, ಬಣ್ಣದ ನೀರಲ್ಲಿ ಅದ್ದಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಾಣುವುದು ಅದು. ಮಾಮೂಲಿ ಗಿಡಗಳಲ್ಲಿ ಉಸಿರಾಡುವ ಸಣ್ಣ ರಂಧ್ರಗಳು ಎಲೆಯ ಮೈಮೇಲೇ ತೆರೆದುಕೊಂಡಿರುತ್ತವೆ. ಕಣಗಿಲೆಯಲ್ಲಿ ಹಾಗಿಲ್ಲ. ಎಲೆಯ ಹಿಂಬದಿಯಲ್ಲಿ ಪುಟ್ಟ ಪುಟ್ಟ ಗುಳಿಗಳು. ರಂಧ್ರ ಇರುವುದು ಆ ಗುಳಿಯೊಳಗೆ. ಗುಳಿಯ ತುಂಬಾ ನವಿರು ಕೂದಲು. ಬಿಸಿಗಾಳಿ ಎಷ್ಟೇ ಬೀಸಲಿ, ಒಳಗಿನ ತೇವವನ್ನು ಸುಲಭಕ್ಕೆ ಎಳೆದುಕೊಂಡು ಹೋಗಲಾರದು. ಎಲೆಯ ಮೇಲ್ಚರ್ಮವೂ ಒಂದು ಪದರದ್ದಲ್ಲ, ಎರಡು ಮೂರು ಪದರ, ಅದರ ಮೇಲೆ ದಪ್ಪ ಮೇಣ. ಮಗಳ ಪೆನ್ಸಿಲ್ ಚಿತ್ರದಲ್ಲಿ ಆ ಗುಳಿಗಳು ಸಣ್ಣ ಸಣ್ಣ ಹೊಂಡಗಳ ಹಾಗೆ ಕಂಡವು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಕೋಟೆ ಮೇಲಿನ ಹೊಂಡ ಇದ್ದಂಗೇ ಐತಲ್ಲೇ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಜಪಾನಿನ ಹಿರೋಷಿಮಾ ನಗರದ ಹೂವು ಇದೇ ಕಣಗಿಲೆ ಅಂತ ಹೇಳಿದವಳೂ ಮಗಳೇ. 1945ರಲ್ಲಿ ಬಾಂಬು ಬಿದ್ದು ಊರೆಲ್ಲ ಸುಟ್ಟ ಮೇಲೆ ಆ ನೆಲದಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಇದೂ ಒಂದಂತೆ. ಅದಕ್ಕೇ ಅಲ್ಲಿಯವರು ಅದನ್ನು ತಮ್ಮ ಊರಿನ ಹೂವು ಅಂತ ಆರಿಸಿಕೊಂಡರು.

ದೂರ ಯಾಕೆ, ದುರ್ಗದಿಂದ ದಾವಣಗೆರೆಗೆ ಹೈವೇಯಲ್ಲಿ ಹೋಗುವಾಗ ನಡುವಿನ ಡಿವೈಡರ್ ನೋಡಿ. ಕಾಗದದ ಹೂವಿನ ಜತೆ ಸಾಲಾಗಿ ನಿಂತಿರುವುದು ಕಣಗಿಲೆಯೇ. ಲಾರಿ ಹೊಗೆ, ಡಾಂಬರಿನ ಕಾವು, ಧೂಳು ಎಲ್ಲ ತಡೆಯುತ್ತದೆ. ರಾತ್ರಿ ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಮರೆಯಾಗುತ್ತದೆ. ದನಕರು ಮೇಯುವುದಿಲ್ಲ. ಇದೇ ಗಿಡ ದಾವಣಗೆರೆಯ ತಂಗಿ ಮನೆಯಲ್ಲಿ ಮಾತ್ರ ಸೋತಿತು. ಅವಳದು ಭದ್ರಾ ನಾಲೆ ಪಕ್ಕದ ಎರೆಮಣ್ಣು. ಪ್ರೀತಿಯಿಂದ ದಿನಾ ನೀರು ಹಾಕಿದಳು. ಎಲೆ ಹಳದಿಯಾಗಿ ಒಂದೊಂದೇ ಉದುರಿದವು, ಬುಡ ಕೊಳೆಯಿತು. ಎರಡನೇ ಸಲ ನಾನು ಹೋಗಿ ಮಣ್ಣಿಗೆ ಗರಸು, ಮರಳು ಸೇರಿಸಿ, ಅರ್ಧ ಅಡಿ ಎತ್ತರದ ಏರಿ ಮಾಡಿ ನೆಟ್ಟು ಬಂದೆ. ನೀರು ಹಾಕಬೇಡವೇ ಅಂತ ಮೂರು ಸಲ ಹೇಳಿ ಬಂದೆ. ಈಗ ಹೂ ಬಿಡುತ್ತಿದೆ.

ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಗಿಡ ಇರಲಿ, ಮಗುವಿನ ಕೈಗೆ ಸಿಗದ ಹಾಗೆ ಮಾಡೋಣ. ಕೆಳಗಿನ ಕೊಂಬೆಗಳನ್ನೆಲ್ಲ ನಾಲ್ಕು ಅಡಿ ಎತ್ತರದವರೆಗೆ ಸವರಿದೆ. ಒಂದು ಬೆಳಿಗ್ಗೆ ಪೂರ್ತಿ ಹಿಡಿಯಿತು. ಸವರಿದ್ದನ್ನೆಲ್ಲ ಎದುರಿನ ಖಾಲಿ ಸೈಟಿನಲ್ಲಿ ರಾಶಿ ಹಾಕಿದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ. ಆದರೆ ಕಣಗಿಲೆಯನ್ನು ಆಡೂ ಮುಟ್ಟುವುದಿಲ್ಲ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಇನ್ನೊಂದು ಯೋಚನೆಯೇ ಬರಲಿಲ್ಲ.

ಮೂರು ದಿನದ ಬಿಸಿಲಿಗೆ ಎಲೆಗಳು ಒಣಗಿ ಮುರುಟಿದವು. ನಾಲ್ಕನೇ ದಿನ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಹೊರಗೆ ಯಾರೋ ಜೋರಾಗಿ ಗದರಿಸುವುದು ಕೇಳಿಸಿತು. ನಮ್ಮ ಬೀದಿಯಲ್ಲಿ ದಿನಾ ಆಡು ಹೊಡೆದುಕೊಂಡು ಹೋಗುವ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಪಕ್ಕಕ್ಕೆ ಎಸೆದು, ಕಂದು ಬಣ್ಣದ ಒಂದು ಮರಿಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದುಕೊಂಡಿದ್ದ. ಎಡಗೈಯಿಂದ ಅದರ ದವಡೆ ಅಗಲಿಸಿ, ಬಲಗೈಯ ತೋರುಬೆರಳನ್ನು ಕೊಕ್ಕೆ ಮಾಡಿ ಬಾಯೊಳಗೆ ಹಾಕಿ ಎಳೆಯುತ್ತಿದ್ದ. ಅರ್ಧ ಜಗಿದ ಒಣ ಎಲೆ ಜೊಲ್ಲಿನ ಜತೆ ಈಚೆ ಬಂತು. ಇನ್ನೊಂದು ಸಲ ಬೆರಳು ಹಾಕಿದ. ಮತ್ತೊಂದು ತುಂಡು. ಮರಿ ಕಿರುಚುತ್ತಿತ್ತು. ಸೊಂಟದ ಬಾಟಲಿಯ ನೀರಿನಿಂದ ಅದರ ಬಾಯಿ ತೊಳೆದ, ತೊಳೆದ ನೀರು ಒಳಗೆ ಹೋಗದ ಹಾಗೆ ಮೂತಿಯನ್ನು ಕೆಳಕ್ಕೆ ಬಾಗಿಸಿ.

"ಯಾರವ್ವಾ ಇದನ್ನ ಇಲ್ಲಿ ಹಾಕಿರೋದು?"

"ನಾನೇ ಅಜ್ಜ. ಕಣಗಿಲೆ ಅಲ್ವಾ, ಆಡು ಮುಟ್ಟಲ್ಲ ಅಂತ..."

"ಹಸೀದು ಮುಟ್ಟಲ್ಲ ತಾಯಿ. ಬಲೇ ಕಹಿ. ಒಣಗಿದ್ರೆ ಕಹಿ ಹೋಗ್ತದೆ. ವಿಷ ಎಲ್ಲಿಗೆ ಹೋಗ್ತದೆ? ದೊಡ್ಡವು ಮೂಸಿ ಬಿಡ್ತಾವೆ. ಮರಿಗೇನು ಗೊತ್ತು? ಹ್ವಾದ ವರ್ಷ ಇಂಗೇ ಎಲ್ಡು ಮರಿ ಹ್ವಾದ್ವು ನನ್ವು."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಒಳಗೆ ಹೋಗಿ ಗೋಣಿಚೀಲ ತಂದೆ. ಅಜ್ಜನೂ ಕೈ ಹಾಕಿದ. ಇಬ್ಬರೂ ಸೇರಿ ಒಂದು ಎಲೆಯೂ ಉಳಿಯದ ಹಾಗೆ ಬಳಿದು ತುಂಬಿದೆವು. "ಸುಟ್ಟುಬಿಡ್ಲಾ ಅಜ್ಜ?" ಅಂದೆ. "ಅದರ ಹೊಗೆನೂ ಒಳ್ಳೇದಲ್ಲ. ಹೂಳವ್ವಾ" ಅಂದ. ಆಮೇಲೆ ಓದಿ ನೋಡಿದೆ. ಅಜ್ಜ ಹೇಳಿದ ಎರಡೂ ಮಾತು ಅಕ್ಷರಕ್ಷರ ಸರಿ. ಒಣಗಿದ ಎಲೆಯಲ್ಲೂ ವಿಷ ಹಾಗೇ ಉಳಿಯುತ್ತದೆ, ಸುಟ್ಟರೆ ಹೊಗೆಯಲ್ಲೂ ಬರುತ್ತದೆ. ಮನೆ ಹಿಂದೆ ಮೂರು ಅಡಿ ಗುಂಡಿ ತೋಡಿಸಿ ಹೂತೆ. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಹಿಂಡು ಬಂದಾಗ ಗೇಟಿಗೆ ಓಡಿ ನೋಡಿದೆ. ಆ ಕಂದು ಮರಿ ಎದುರು ಮನೆಯ ಮೆಟ್ಟಿಲು ಹತ್ತಿ ಇಳಿದು ಕುಣಿಯುತ್ತಿತ್ತು.

ಮೇಲ್ಮನೆ ಹುಡುಗಿಗೆ ಗಿಡದ ಭಯ ಇತ್ತು. ನನಗೆ ಗಿಡದ ಸಲಿಗೆ ಇತ್ತು. ಅದನ್ನು ಸರಿಯಾಗಿ ಅರಿತಿದ್ದವನು ದಾರಿಯಲ್ಲಿ ಹೋಗುವ ಅಜ್ಜ.

ಅವತ್ತಿನಿಂದ ಗಿಡದ ಜತೆಗಿನ ನನ್ನ ರೀತಿಯೇ ಬದಲಾಯಿತು. ಕತ್ತರಿಸುವಾಗ ಕೈಗೆ ರಬ್ಬರ್ ಗ್ಲೌಸ್. ಒಸರುವ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕಣ್ಣಿಗಂತೂ ತಾಗಲೇಬಾರದು. ಕೆಲಸ ಮುಗಿದ ಮೇಲೆ ಕತ್ತರಿಯನ್ನು ಸೋಪಿನಲ್ಲಿ ತೊಳೆಯುತ್ತೇನೆ, ಅದೇ ಕತ್ತರಿಯಲ್ಲಿ ಕರಿಬೇವು ಕತ್ತರಿಸುವುದಿಲ್ಲ. ಉದುರಿದ ಹೂವು, ಎಲೆ ದಿನಾ ಬೆಳಿಗ್ಗೆ ಗುಡಿಸಿ ಗುಂಡಿಗೆ. ಹಕ್ಕಿಗಿಟ್ಟ ನೀರಿನ ಬೋಗುಣಿಯನ್ನು ಗಿಡದ ಕೆಳಗಿನಿಂದ ಎತ್ತಿ ಆಚೆ ಇಟ್ಟೆ. ಗೇಟಿನ ಪಕ್ಕ ಮೂರಡಿ ಎತ್ತರದ ಜಾಲರಿ ಬಂತು. ಮಗುವಿಗೆ ಕೀಳಲು ಒಂದು ಹೂವಾದರೂ ಬೇಡವೇ ಅಂತ, ಮೆಟ್ಟಿಲ ಬಲಗಡೆ ದಾಸವಾಳ ನೆಟ್ಟೆ. ಅದನ್ನು ಅವನು ಕಿತ್ತರೂ ಸರಿ, ತಿಂದರೂ ಸರಿ.

ಅತ್ತೆಗೂ ಒಂದು ಮಾತು ಹೇಳಬೇಕಿತ್ತು. ಹೇಗೆ ಹೇಳುವುದು ಅಂತ ಅಳುಕಿತ್ತು. ಅವರಿಗೆ ಬಿಳಿ ಕಣಗಿಲೆ ಶಿವನಿಗೆ, ಕೆಂಪು ಕಣಗಿಲೆ ಅಮ್ಮನಿಗೆ. ಗಣೇಶನ ಹಬ್ಬದ 21 ಪತ್ರೆಯಲ್ಲೂ ಕರವೀರ ಅಂತ ಬರುವುದು ಇದೇ ಎಲೆ. ಒಂದು ಗಂಟಿಗೆ ಮೂರು ಎಲೆ ಬರುವುದನ್ನು ತೋರಿಸಿ "ಇದೂ ತ್ರಿದಳವೇ ಕಣೇ, ಬಿಲ್ವದ ಹಂಗೆ" ಅನ್ನುತ್ತಿದ್ದರು. "ಅತ್ತೆ, ಹೂವನ್ನ ನೈವೇದ್ಯದ ತಟ್ಟೆಗೆ, ತೀರ್ಥದ ಬಟ್ಟಲಿಗೆ ತಾಗಿಸೋದು ಬೇಡ. ಹೂ ಮುಡಿಸಿದ ಮೇಲೆ ಕೈ ತೊಳ್ಕೊಳ್ಳಿ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನಮ್ಮವ್ವನೂ ಹಂಗೇ ಹೇಳೋಳು. ನಾನೇ ಮರೆತಿದ್ದೆ" ಅಂದರು.

ಆ ಮೂರು ಎಲೆಯ ಗಂಟು ಕತ್ತರಿಸುವವರಿಗೂ ದಾರಿ ತೋರಿಸುತ್ತದೆ. ಗಂಟಿನ ಸ್ವಲ್ಪ ಮೇಲೆ ಕತ್ತರಿಸಿದರೆ ಅಲ್ಲಿಂದ ಸಾಮಾನ್ಯವಾಗಿ ಮೂರು ಚಿಗುರು ಹೊರಡುತ್ತವೆ. ಒಂದು ಕೊಂಬೆ ಮೂರಾಗುತ್ತದೆ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಕೊಂಬೆ ಹೆಚ್ಚಾದಷ್ಟೂ ಹೂವು ಹೆಚ್ಚು. ನಾನು ದೀಪಾವಳಿ ಕಳೆದ ಮೇಲೆ ಮೂರನೇ ಒಂದು ಪಾಲಿನಷ್ಟು ಕತ್ತರಿಸುತ್ತೇನೆ. ಶಿವರಾತ್ರಿ ಹೊತ್ತಿಗೆ ಮೊಗ್ಗು ಕಾಣುತ್ತದೆ, ಯುಗಾದಿಗೆ ಗಿಡ ತುಂಬುತ್ತದೆ. ಬುಡದಿಂದ ಏಳುವ ಕಂದುಗಳನ್ನು ಬಿಟ್ಟರೆ ಪೊದೆ, ತೆಗೆದರೆ ಪುಟ್ಟ ಮರ. ನಮ್ಮದು ಈಗ ಮರದ ಹಾದಿಯಲ್ಲಿದೆ.

ಗೊಬ್ಬರದ ವಿಷಯದಲ್ಲಿ ಒಮ್ಮೆ ಏಟು ತಿಂದಿದ್ದೇನೆ. ಒಂದು ವರ್ಷ ಹೂವು ಇನ್ನೂ ಜಾಸ್ತಿ ಬರಲಿ ಅಂತ ಬುಟ್ಟಿಗಟ್ಟಲೆ ಸಗಣಿ ಗೊಬ್ಬರ, ಜತೆಗೆ ಒಂದು ಹಿಡಿ ಯೂರಿಯಾ ಹಾಕಿದೆ. ಬಂದದ್ದು ಬರೀ ಎಲೆ. ಮೆತ್ತಗಿನ ಆ ಚಿಗುರಿನ ತುಂಬಾ ಅರಿಶಿನ ಬಣ್ಣದ ಹೇನು, ಕಾಲು ಮಾತ್ರ ಕಪ್ಪು. ಕಡ್ಡಿಯೇ ಕಾಣದಷ್ಟು. ಅವು ಸುರಿಸುವ ಅಂಟಿಗೆ ಇರುವೆ ಸಾಲು. ಔಷಧಿ ಹೊಡೆಯಲು ಹೊರಟಿದ್ದೆ, ಮಗಳು ತಡೆದಳು. ಪೈಪಿನ ನೀರನ್ನು ಜೋರಾಗಿ ಬಿಟ್ಟು ಉದುರಿಸಿದೆವು, ಎರಡು ದಿನ ಬಿಟ್ಟು ಇನ್ನೊಮ್ಮೆ. ಉಳಿದದ್ದಕ್ಕೆ ಬೇವಿನೆಣ್ಣೆ, ಸೋಪಿನ ನೀರು. ಅಷ್ಟಕ್ಕೇ ಹತೋಟಿಗೆ ಬಂತು. ಈಗ ಮಳೆಗಾಲದ ಮೊದಲು ಒಂದು ಬುಟ್ಟಿ ಗೊಬ್ಬರ, ಅಷ್ಟೇ.

ಔಷಧಿ ಹೊಡೆಯದೆ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ಅಂತ ತಿಳಿದದ್ದು ಈ ವರ್ಷ ಮಳೆಗಾಲದಲ್ಲಿ. ಬಿಳಿ ಕಣಗಿಲೆಯ ಎಳೆ ಎಲೆಗಳನ್ನು ಯಾವುದೋ ಹುಳು ಕತ್ತರಿಸಿತ್ತು. ಎಲೆ ತಿರುವಿ ನೋಡಿದೆ. ಕಂದು ಕೆಂಪು ಬಣ್ಣದ ಕಂಬಳಿಹುಳುವಿನಂಥದು, ಮೈಮೇಲೆ ಬಿಳಿ ಪಟ್ಟೆ, ಬೆನ್ನ ಮೇಲೆ ಜೋಡಿ ಜೋಡಿ ಕಪ್ಪು ಎಳೆ ಚಾಚಿಕೊಂಡಿತ್ತು. ಕೂದಲಿಲ್ಲ. ಆಡೂ ಮುಟ್ಟದ ಸೊಪ್ಪನ್ನು ಕಟಕಟನೆ ತಿನ್ನುತ್ತಿತ್ತು. ಮಗಳಿಗೆ ಫೋಟೋ ಕಳಿಸಿದೆ. ಕಾಮನ್ ಕ್ರೋ ಎಂಬ ಚಿಟ್ಟೆಯ ಮರಿ, ಮುಟ್ಟಬೇಡ ಅಂದಳು. ಹತ್ತು ದಿನದ ಮೇಲೆ ಅದು ಎಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತುಬಿದ್ದು ಕೋಶವಾಯಿತು. ಮೊದಲ ದಿನ ಮಸುಕು ಹಳದಿ. ಮಾರನೇ ದಿನ ಸಂಜೆ ನೋಡಿದರೆ ಥಳಥಳ. ಕಿವಿಯ ಜುಮಕಿ ಗಾತ್ರ, ಕನ್ನಡಿಯ ಹಾಗೆ ಹೊಳೆಯುವ ಬಂಗಾರ. ಅದರ ಮೈಯಲ್ಲಿ ಗೇಟು, ಆಕಾಶ, ನನ್ನ ಮುಖ ಎಲ್ಲ ಸೊಟ್ಟಸೊಟ್ಟಗೆ ಕಾಣಿಸುತ್ತಿತ್ತು.

ಮೇಲ್ಮನೆ ಹುಡುಗಿಯನ್ನು ಕರೆದೆ. ಮಗನನ್ನು ಎತ್ತಿಕೊಂಡು ಬಂದಳು, ಜಾಲರಿಯ ಈಚೆ ನಿಂತಳು. ನಾನು ಗ್ಲೌಸ್ ಹಾಕಿದ ಕೈಯಿಂದ ಎಲೆಯನ್ನು ಮೆಲ್ಲಗೆ ತಿರುಗಿಸಿ ತೋರಿಸಿದೆ. ಹುಡುಗ ಕೈ ಚಾಚಲಿಲ್ಲ. ಅವನಿಗೆ ಈಗ ಗೊತ್ತು, ಆ ಗಿಡವನ್ನು ಅವನು ಕರೆಯುವುದೇ "ಮುಟ್ಬಾದು" ಅಂತ. ಅವಳು ಎಷ್ಟೋ ಹೊತ್ತು ನೋಡಿದಳು. "ಇದು ಚಿಟ್ಟೆ ಆಗೋದು ಯಾವಾಗ ಆಂಟಿ?" ಅಂದಳು. ಒಂಬತ್ತನೇ ದಿನ ಬೆಳಿಗ್ಗೆ ಆಯಿತು. ಕಂದು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆಯ ಸಾಲು. ಒದ್ದೆ ರೆಕ್ಕೆ ಒಣಗುವವರೆಗೆ ಖಾಲಿ ಕೋಶವನ್ನು ಹಿಡಿದುಕೊಂಡೇ ಇತ್ತು. ಆಮೇಲೆ ಅವಸರವಿಲ್ಲದೆ ದಾಸವಾಳದ ಮೇಲಿಂದ ಹಾರಿಹೋಯಿತು. ಹಕ್ಕಿಗಳು ಈ ಚಿಟ್ಟೆಯನ್ನು ಬಯಸುವುದಿಲ್ಲವಂತೆ, ಅದಕ್ಕೇ ಅಷ್ಟು ನಿಧಾನ.

ಈ ಸಲ ಸವರಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ ಆರನ್ನು ಆರಿಸಿ ಇಟ್ಟಿದ್ದೇನೆ. ಒಂದೊಂದು ಗೇಣುದ್ದ. ಕೆಳಗಿನ ಎಲೆ ತೆಗೆದು, ಬಾಟಲಿಯ ನೀರಿನಲ್ಲಿ ನಿಲ್ಲಿಸಿ, ಅಟ್ಟದ ಕಿಟಕಿಯಲ್ಲಿ ಇಟ್ಟಿದ್ದೇನೆ, ಯಾರ ಕೈಗೂ ಎಟುಕದಲ್ಲಿ. ಬಾಟಲಿಗೆ ಚೀಟಿ ಅಂಟಿಸಿ ವಿಷ ಅಂತ ದೊಡ್ಡದಾಗಿ ಬರೆದಿದ್ದೇನೆ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತೇನೆ. ಮೂರು ವಾರಕ್ಕೆ ನಾಲ್ಕರಲ್ಲಿ ಬಿಳಿ ಬೇರು ಒಡೆದಿದೆ. ಎರಡು ತಂಗಿಗೆ. ಉಳಿದವನ್ನು ಯಾರಿಗೆ ಕೊಟ್ಟರೂ ಅಜ್ಜ ಹೇಳಿದ ಮಾತುಗಳ ಜತೆಗೇ ಕೊಡಬೇಕು.

ಅಜ್ಜ ಈಗಲೂ ದಿನಾ ಬರುತ್ತಾನೆ. ಕಂದು ಮರಿ ಬೆಳೆದು ಆಡಾಗಿದೆ, ಕೊರಳಿಗೆ ಗಂಟೆ ಬಂದಿದೆ. ನನ್ನ ಕೈಯಲ್ಲಿ ಕತ್ತರಿ ಕಂಡರೆ ಗೇಟಿನ ಎದುರು ನಿಂತುಬಿಡುತ್ತಾನೆ.

"ಕಡ್ಡಿ ಹೂತ್ಯೇನವ್ವಾ?"

"ಹೂತೆ ಅಜ್ಜ. ಬಾ, ನೋಡು."

ಒಳಗೆ ಬಂದು, ಹಿತ್ತಲಿಗೆ ಹೋಗಿ, ಗುಂಡಿಯ ಮೇಲಿನ ಮಣ್ಣನ್ನು ಕೋಲಿನಿಂದ ಎರಡು ಸಲ ಕುಟ್ಟಿ ನೋಡುತ್ತಾನೆ. ಆಮೇಲೆ ಅತ್ತೆ ಕೊಡುವ ಮಜ್ಜಿಗೆ ಕುಡಿದು ಹಿಂಡಿನ ಹಿಂದೆ ಹೋಗುತ್ತಾನೆ.